ಬ್ಯಾಂಕಿನ ಬಾಗಿಲಲ್ಲಿ ನಿಂತ ಹವಾಲ್ದಾರ

ಹೋದ ತಿಂಗಳು ಒಂದು ನೇಮಕಾತಿಯ ಆಯ್ಕೆ ಪಟ್ಟಿ ಬಂತು. ಧಾರವಾಡದ ನಮ್ಮ ರೀಡಿಂಗ್ ರೂಮಿನಲ್ಲಿ ಅಂಥ ದಿನ ಯಾರೂ ಓದುವುದಿಲ್ಲ. ಎಲ್ಲರ ಬೆರಳೂ ಮೊಬೈಲಿನ ಪಿಡಿಎಫ್ ಮೇಲೆ ಓಡುತ್ತಿರುತ್ತದೆ. ನನ್ನ ಪಕ್ಕದ ಕುರ್ಚಿಯ ಗೆಳತಿಗೆ ಎರಡೂವರೆ ಅಂಕದಲ್ಲಿ ಕೈತಪ್ಪಿತ್ತು. ಯಾದಗಿರಿ ಕಡೆಯ ಹುಡುಗಿ. ಮೂರು ವರ್ಷದಿಂದ ಇಲ್ಲಿದ್ದಾಳೆ. ಮನೆಯಲ್ಲಿ ಮದುವೆಯ ಮಾತು ಶುರುವಾಗಿ ಆರು ತಿಂಗಳಾಯಿತು. ಪಟ್ಟಿಯನ್ನು ಮತ್ತೆ ಮತ್ತೆ ಮೇಲೆ ಕೆಳಗೆ ಮಾಡಿ ನೋಡಿ ಕೊನೆಗೆ ಅವಳು ಹೇಳಿದ್ದು ಇಷ್ಟು: ‘ಮಾಜಿ ಸೈನಿಕರ ಕಟ್ ಆಫ್ ಎಷ್ಟೈತಿ ನೋಡ್ರಿ. ಪಿಂಚಣಿನೂ ಅವರಿಗೇ, ಕ್ಯಾಂಟೀನೂ ಅವರಿಗೇ, ಮತ್ತ ನಮ್ಮ ಪೋಸ್ಟೂ ಅವರಿಗೇ ಬೇಕು.’

ನಾಲ್ಕೈದು ಜನ ಹೌದೌದು ಎಂದರು. ನಾನು ಸುಮ್ಮನಿದ್ದೆ. ನಮ್ಮಪ್ಪ ಮಾಜಿ ಸೈನಿಕ ಎಂಬುದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡವಳು ನಾನೇ.

ಕಾರಣ ಹೇಳಲು ನಾಚಿಕೆಯಾಗುತ್ತದೆ. ರೀಡಿಂಗ್ ರೂಮಿನಿಂದ ಎರಡು ಓಣಿ ದಾಟಿದರೆ ಒಂದು ಬ್ಯಾಂಕು. ಅದರ ಬಾಗಿಲಲ್ಲಿ ನೀಲಿ ಸಮವಸ್ತ್ರ ಹಾಕಿಕೊಂಡು, ಹೆಗಲಿಗೆ ಬಂದೂಕು ಏರಿಸಿಕೊಂಡು ನಿಲ್ಲುವವರು ನಮ್ಮಪ್ಪ. ಪರೀಕ್ಷೆಯ ಶುಲ್ಕ ಕಟ್ಟಲು, ಪಾಸ್‌ಬುಕ್ ಎಂಟ್ರಿ ಮಾಡಿಸಲು ನಮ್ಮವರೆಲ್ಲ ಹೋಗುವುದು ಅಲ್ಲಿಗೇ. ‘ಏ ವಾಚ್‌ಮನ್, ಈ ಮಷಿನ್ ಯಾಕ ನಡಿಯವಲ್ಲದು?’ ಎಂದು ನನ್ನ ವಯಸ್ಸಿನ ಹುಡುಗರು ಅವರನ್ನು ಕೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅಪ್ಪ ಬಂದು ಪಾಸ್‌ಬುಕ್ಕನ್ನು ತಿರುವಿ ಸರಿಯಾಗಿ ಇಟ್ಟು ಹೋಗುತ್ತಾರೆ. ನಾನು ಆ ಹೊತ್ತು ಗೋಡೆಯ ಮೇಲಿನ ಬಡ್ಡಿದರದ ಬೋರ್ಡನ್ನು ಬಹಳ ಆಸಕ್ತಿಯಿಂದ ಓದಿದ್ದೇನೆ.

ನಮ್ಮಪ್ಪ ಸೇನೆ ಸೇರಿದ್ದು 1999ರ ಕೊನೆಗೆ, ಹತ್ತೊಂಬತ್ತನೇ ವಯಸ್ಸಿನಲ್ಲಿ. ಆ ಬೇಸಿಗೆಯಲ್ಲಷ್ಟೇ ಕಾರ್ಗಿಲ್ ಯುದ್ಧ ನಡೆದಿತ್ತು. ನಮ್ಮ ಕಡೆಯ 527 ಯೋಧರು ತೀರಿಕೊಂಡಿದ್ದರು. ಊರೂರಿನಲ್ಲಿ ಅವರ ಕಟೌಟುಗಳಿದ್ದವು. ಹಳ್ಳಿಯ ಹುಡುಗರು ಭರ್ತಿಗೆ ಸಾಲುಗಟ್ಟಿದ ಕಾಲ ಅದು. ಅಪ್ಪನಿಗೆ ದೇಶಭಕ್ತಿ ಇರಲಿಲ್ಲ ಎನ್ನಲಾರೆ. ಆದರೆ ನವಲಗುಂದ ತಾಲ್ಲೂಕಿನ ಎರಡೂವರೆ ಎಕರೆ ಮಳೆಯಾಶ್ರಿತ ಎರೆಭೂಮಿ, ಮದುವೆಗೆ ಬಂದ ಇಬ್ಬರು ತಂಗಿಯರು, ಅಜ್ಜನ ಸೊಸೈಟಿ ಸಾಲ ಇವೂ ಇದ್ದವು. ಇದನ್ನು ಹೇಳಿದರೆ ಯೋಧರ ಗೌರವ ಕಡಿಮೆಯಾಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ನನಗೆ ಹಾಗನಿಸುವುದಿಲ್ಲ. ಹೊಟ್ಟೆಪಾಡಿಗೆ ಹೋದವರು ಇಪ್ಪತ್ತು ವರ್ಷ ಅಲ್ಲಿ ಹೊಟ್ಟೆಪಾಡಿಗಿಂತ ಹೆಚ್ಚಿನದನ್ನೇ ಮಾಡಿ ಬರುತ್ತಾರೆ.

ಅವರು ಗುಂಡು ಹಾರಿಸಿದವರಲ್ಲ, ಲಾರಿ ಓಡಿಸಿದವರು. ಬೆಂಗಳೂರಿನ ಎಎಸ್‌ಸಿ ಕೇಂದ್ರದಲ್ಲಿ ತರಬೇತಿ ಮುಗಿಸಿ ಡ್ರೈವರ್ ಆದರು. ಅಕ್ಕಿ, ಸೀಮೆಎಣ್ಣೆ, ಡಬ್ಬಿಯ ಹಾಲು, ಕುರಿ, ಮದ್ದುಗುಂಡು, ಟಪಾಲು ಎಲ್ಲವನ್ನೂ ಗಡಿಗೆ ಮುಟ್ಟಿಸುವ ದಳ ಅದು. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಜೋಜಿಲಾ ಎಂಬ ಕಣಿವೆ ಇದೆ. ಎತ್ತರ ಹನ್ನೊಂದೂವರೆ ಸಾವಿರ ಅಡಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆ ನೋಡಬಾರದಂಥ ಪ್ರಪಾತ. ಹಿಮ ಬಿದ್ದರೆ ದಾರಿ ಬಂದ್. ಮೇಲಿನವರಿಗೆ ಚಳಿಗಾಲಕ್ಕೆ ಬೇಕಾದ ದಿನಸಿಯನ್ನೆಲ್ಲ ಬೇಸಿಗೆಯಲ್ಲಿ ಏರಿಸಿಡಬೇಕು. ಹಾಗಾಗಿ ಕಾನ್ವಾಯ್ ಎಂದರೆ ಒಂದರ ಹಿಂದೆ ಒಂದು ಹತ್ತಾರು ಲಾರಿ. ಚಕ್ರಕ್ಕೆ ಕಬ್ಬಿಣದ ಸರಪಳಿ ಸುತ್ತಿಕೊಂಡು, ಮುಂದಿನ ಲಾರಿಯ ಹಿಂದಿನ ದೀಪವನ್ನೇ ನಂಬಿಕೊಂಡು ಹೋಗಬೇಕು. ಅಪ್ಪ ಇದನ್ನು ಶೌರ್ಯದ ಕಥೆಯಾಗಿ ಎಂದೂ ಹೇಳಿಲ್ಲ. ‘ಬ್ರೇಕ್ ಒತ್ತಬಾರದು, ಗೇರಿನ ಮ್ಯಾಲೆ ಇಳಿಸಬೇಕು’ ಎಂದು ಚಕ್ಕಡಿ ಹೊಡೆಯುವುದನ್ನು ಕಲಿಸುವವರಂತೆ ಹೇಳುತ್ತಾರೆ, ಅಷ್ಟೇ.

ನಾನು ಒಂಬತ್ತನೇ ತರಗತಿಯಲ್ಲಿ ‘ನಮ್ಮ ವೀರ ಯೋಧರು’ ಎಂಬ ಭಾಷಣಕ್ಕೆ ಮೊದಲ ಬಹುಮಾನವಾಗಿ ಸ್ಟೀಲ್ ಡಬ್ಬಿ ಪಡೆದವಳು. ಅದರಲ್ಲಿ ಜನರಲ್ ತಿಮ್ಮಯ್ಯನವರಿದ್ದರು. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ ಇದ್ದರು. 1965ರಲ್ಲಿ ಅವರ ಮಗ ಪಾಕಿಸ್ತಾನದಲ್ಲಿ ಸೆರೆಯಾದಾಗ, ಮಗನಿಗೆ ವಿಶೇಷ ಸವಲತ್ತು ಬೇಡ ಎಂದ ಪ್ರಸಂಗವನ್ನು ನಾನು ಕೈ ಎತ್ತಿ ಹೇಳಿದಾಗ ಚಪ್ಪಾಳೆ ಬಿದ್ದಿತ್ತು. ಆ ಭಾಷಣದಲ್ಲಿ ನಮ್ಮಪ್ಪ ಇರಲಿಲ್ಲ. ಸೀಮೆಎಣ್ಣೆ ಡಬ್ಬಿ ಸಾಗಿಸುವವರನ್ನು ವೀರ ಯೋಧರ ಸಾಲಿನಲ್ಲಿ ಎಲ್ಲಿ ಸೇರಿಸಬೇಕು ಎಂದು ನನಗೆ ತಿಳಿದಿರಲಿಲ್ಲ. ಬಹುಮಾನ ಕೊಟ್ಟವರಿಗೂ ತಿಳಿದಿರಲಿಕ್ಕಿಲ್ಲ.

ಅವ್ವನಂತೂ ಯಾವ ಭಾಷಣದಲ್ಲೂ ಇಲ್ಲ. ವರ್ಷಕ್ಕೆ ಎರಡು ತಿಂಗಳ ವಾರ್ಷಿಕ ರಜೆ, ಅದರ ಮೇಲೆ ತುಂಡು ತುಂಡಾಗಿ ಒಂದು ತಿಂಗಳ ಸಾಂದರ್ಭಿಕ ರಜೆ. ಅದರಲ್ಲೇ ರೈಲಿನಲ್ಲಿ ಕಳೆದುಹೋಗುವ ದಿನಗಳೂ ಸೇರುತ್ತವೆ. ಮಿಕ್ಕ ದಿನವೆಲ್ಲ ಮನೆಗೆ ಗಂಡಸೂ ಅವಳೇ, ಹೆಂಗಸೂ ಅವಳೇ. ತಮ್ಮನಿಗೆ ಡೆಂಗಿ ಆದಾಗ ರಾತ್ರಿ ಟಂಟಂ ಮಾಡಿಕೊಂಡು ಹುಬ್ಬಳ್ಳಿಗೆ ಓಡಿದವಳು, ಬದುವಿನ ತಂಟೆಗೆ ಸರ್ವೇಯರ್ ಮುಂದೆ ನಿಂತವಳು, ಬೀಜ ಗೊಬ್ಬರದ ಪಾಳಿಯಲ್ಲಿ ಗಂಡಸರ ನಡುವೆ ನಿಂತವಳು ಅವಳೇ. ಅಜ್ಜ ತೀರಿಕೊಂಡಾಗ ಅಪ್ಪ ಊರು ಮುಟ್ಟಿದ್ದು ಮೂರನೇ ದಿನ. ಅಲ್ಲಿಯವರೆಗೆ ಮಣ್ಣು ತಡೆಯಲು ಆಗುತ್ತದೆಯೇ? ಶಾಲೆಯ ಅರ್ಜಿಯಲ್ಲಿ ‘ತಂದೆಯ ಸಹಿ’ ಎಂಬ ಜಾಗದಲ್ಲಿ ಅವ್ವ ಸಹಿ ಹಾಕಿ, ಗುಮಾಸ್ತರು ತಿರುಗಿಸಿ ಕಳಿಸಿದ್ದು ಎಷ್ಟು ಸಲವೋ. ನಾನೂ ತಮ್ಮನೂ ಅಪ್ಪನ ಪತ್ರ ಬಂದರೆ ಮೊದಲು ನೋಡುತ್ತಿದ್ದುದು ‘56 ಎಪಿಒ’ ಎಂಬ ವಿಳಾಸ. ಅದು ಯಾವ ಊರು ಎಂದು ನಕಾಶೆಯಲ್ಲಿ ಹುಡುಕಿದ್ದೂ ಉಂಟು. ಅದು ಊರೇ ಅಲ್ಲ, ಸೈನಿಕ ಎಲ್ಲಿದ್ದಾನೆಂದು ಹೇಳದಿರುವುದಕ್ಕೆಂದೇ ಮಾಡಿದ ವಿಳಾಸ ಎಂದು ತಿಳಿದದ್ದು ಎಷ್ಟೋ ಆದ ಮೇಲೆ.

2016ರ ಫೆಬ್ರುವರಿ ಬಂತು. 3ನೇ ತಾರೀಖು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಆ ವರ್ಷ ಅಪ್ಪ ಲೇಹ್ ಕಡೆಗೇ ಇದ್ದರು. ಹೂತವರು ಮದ್ರಾಸ್ ರೆಜಿಮೆಂಟಿನವರು ಎಂದು ಟಿವಿ ಹೇಳುತ್ತಿತ್ತು. ಅಪ್ಪನ ದಳ ಬೇರೆ ಎಂಬುದು ಅವ್ವನಿಗೆ ಗೊತ್ತು. ಆದರೂ ‘ಕರ್ನಾಟಕದ ಯೋಧರು’ ಎಂದು ಬಂದ ಕ್ಷಣ ಅವಳು ಎದ್ದು ಟಿವಿ ಬಂದ್ ಮಾಡಿದಳು. ಫೋನ್ ಹತ್ತಲಿಲ್ಲ. ಎರಡು ದಿನ ಹತ್ತಲಿಲ್ಲ. ಅವಳು ಅಳಲಿಲ್ಲ. ದನಕ್ಕೆ ನೀರು ಕುಡಿಸಿದಳು, ರೊಟ್ಟಿ ಬಡಿದಳು, ಯಾರಾದರೂ ಓಣಿಯಲ್ಲಿ ಮೋಟಾರ್‌ಸೈಕಲ್ ನಿಲ್ಲಿಸಿದರೆ ಮಾತ್ರ ಕೈ ನಿಲ್ಲುತ್ತಿತ್ತು. ಮೂರನೇ ದಿನ ಸಂಜೆ ಅಪ್ಪನ ಫೋನು ಬಂತು. ‘ಆರಾಮ ಅದೀನಿ. ಹೊಟ್ಟು ಸಾಕಷ್ಟು ಐತಿಲ್ಲೋ?’ ಎಂದು ಕೇಳಿದರು. ಹೊಟ್ಟಿನ ಮಾತು, ಕಡಲೆಯ ರೇಟು, ನನ್ನ ಪರೀಕ್ಷೆ. ಹಿಮಪಾತದ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಫೋನಿಟ್ಟ ಮೇಲೆ ಅವ್ವ ಕಟ್ಟೆಯ ಮೇಲೆ ಕುಳಿತವಳು ಕತ್ತಲಾದರೂ ಏಳಲಿಲ್ಲ.

ಮುಂದಿನದು ನಿಮಗೆಲ್ಲ ನೆನಪಿರುತ್ತದೆ. 8ನೇ ತಾರೀಖು ಹಿಮದ ಆಳದಿಂದ ಒಬ್ಬರು ಜೀವಂತ ಸಿಕ್ಕರು: ನಮ್ಮದೇ ಜಿಲ್ಲೆಯ ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರು ದಿನ ಹಿಮದೊಳಗೆ! ಗುಡಿ, ದರ್ಗಾ ಎನ್ನದೆ ಎಲ್ಲೆಡೆ ದೀಪ ಹಚ್ಚಿದರು. ಅವ್ವ ಎಲ್ಲಮ್ಮನಿಗೆ ಹರಕೆ ಹೊತ್ತಳು. 11ನೇ ತಾರೀಖು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಬೆಟದೂರಿಗೆ ನಮ್ಮೂರಿನಿಂದಲೂ ಟೆಂಪೊ ಹೋದವು. ಅವ್ವ ಹೋಗಲಿಲ್ಲ. ‘ಆ ಮನಿಯವರ ಮುಂದ ನಿಲ್ಲಾಕ ನನಗ ಧೈರ್ಯ ಇಲ್ಲ. ನನ್ನ ಫೋನು ಬಂತು, ಆಕೀದು ಬರಲಿಲ್ಲ’ ಎಂದಳು.

ಅದೇ ಹಿಮದಲ್ಲಿ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ಮತ್ತು ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ್ ಕೂಡ ಹೋದರು. ಹತ್ತರಲ್ಲಿ ಮೂವರು ನಮ್ಮ ರಾಜ್ಯದವರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಲ್ಲಿ ಎಷ್ಟು ಜನಕ್ಕೆ ಆ ಇಬ್ಬರ ಹೆಸರು ಗೊತ್ತು? ನನಗೂ ಗೊತ್ತಿರಲಿಲ್ಲ, ಅಪ್ಪ ಹೇಳಿದ್ದು. ಸಿಯಾಚಿನ್‌ನಲ್ಲಿ ನಮ್ಮ ಸೇನೆ ಕಾಲಿಟ್ಟದ್ದು 1984ರ ಏಪ್ರಿಲ್‌ನಲ್ಲಿ. 2003ರ ನವೆಂಬರ್‌ನಿಂದ ಅಲ್ಲಿ ಕದನ ವಿರಾಮವೂ ಇದೆ. ಆದರೆ ಹಿಮಕ್ಕೂ ಚಳಿಗೂ ಉಸಿರಿಲ್ಲದ ಎತ್ತರಕ್ಕೂ ಕದನ ವಿರಾಮ ಗೊತ್ತಿಲ್ಲ. ಅಲ್ಲಿ ಗುಂಡಿಗಿಂತ ಹವೆಗೇ ಹೆಚ್ಚು ಜನ ಬಲಿಯಾಗಿದ್ದಾರೆ.

ಅಪ್ಪನ ಜೊತೆಗಾರರೊಬ್ಬರ ಲಾರಿಯೂ ಹೀಗೆಯೇ ಒಂದು ದಿನ ಜಾರಿ ಪ್ರಪಾತಕ್ಕೆ ಬಿತ್ತು. ಸವದತ್ತಿ ತಾಲ್ಲೂಕಿನವರು. ಅಪ್ಪನ ಲಾರಿ ಎರಡು ಗಾಡಿ ಹಿಂದಿತ್ತು. ಅದು ಟಿವಿಯಲ್ಲಿ ಬರಲಿಲ್ಲ, ಕಟೌಟು ಏಳಲಿಲ್ಲ. ಇಲ್ಲಿ ಒಂದು ವಿಷಯ ಹೇಳಬೇಕು. ಸತ್ತ ಸೈನಿಕರೆಲ್ಲ ನಮ್ಮ ಭಾಷಣದಲ್ಲಿ ಒಂದೇ, ಕಡತದಲ್ಲಿ ಒಂದೇ ಅಲ್ಲ. ಕಾದಾಟದಲ್ಲಿ ಅಥವಾ ಅದಕ್ಕೆ ಸಮನೆಂದು ಸರ್ಕಾರ ಒಪ್ಪಿದ ಸಂದರ್ಭದಲ್ಲಿ ಮಡಿದರೆ ಕುಟುಂಬಕ್ಕೆ ಕೊನೆಯ ಸಂಬಳದಷ್ಟೇ ಪಿಂಚಣಿ. ಸೇವೆಯ ಕಾರಣದಿಂದ ಸಾವು ಬಂದರೆ ಶೇ 60. ಸೇವೆಗೆ ಸಂಬಂಧವಿಲ್ಲದ ಸಾವಾದರೆ ಸಾಮಾನ್ಯ ದರ ಶೇ 30. ಹಾಗೆ ವಿಂಗಡಿಸುವುದಕ್ಕೆ ಕಾರಣಗಳಿರಬಹುದು. ನಾನು ಹೇಳುವುದು ಅದನ್ನಲ್ಲ. ಗಂಡನ ಸಾವು ಯಾವ ಕಾಲಮ್ಮಿಗೆ ಸೇರುತ್ತದೆ ಎಂದು ಕಾಯುತ್ತ ಕೂರುವ ಇಪ್ಪತ್ತಾರು ವರ್ಷದ ಹೆಂಗಸಿನ ಬಗ್ಗೆ ಹೇಳುತ್ತಿದ್ದೇನೆ.

ಆ ಕಾಕೂಗೆ ಪಿಂಚಣಿ ಬಂತು. ಆದರೆ ಸೇನೆಯ ದಾಖಲೆಯಲ್ಲಿ ಅವರ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯವರು ಇಟ್ಟ ಹೆಸರು. ನಮ್ಮ ಕಡೆ ಮದುವೆಯಲ್ಲಿ ಹೆಸರು ಬದಲಿಸುವುದು ಮಾಮೂಲು. ಪಿಂಚಣಿ ಎಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋದ ಮೇಲೆ ಒಂದು ವರ್ಷ ಅವರ ಜೀವನ ಪ್ರಮಾಣ ಪತ್ರ ಸಿಕ್ಕಿಬಿದ್ದಿತು. ಮೂರು ತಿಂಗಳು ಹಣ ಬರಲಿಲ್ಲ. ಒಂದು ಕಚೇರಿಯಲ್ಲಿ ಅವರಿಗೆ ‘ನೀವು ನೀವೇ ಅಂತ ಬರಿಸಿಕೊಂಡು ಬರ್ರಿ’ ಎಂದರಂತೆ. ಅದನ್ನು ಹೇಳುವಾಗ ಕಾಕೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಅಫಿಡವಿಟ್ ಬರೆಸಿ, ಸ್ಕ್ಯಾನ್ ಮಾಡಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಅವರನ್ನು ಕರೆದುಕೊಂಡು ಹೋದೆ. ಎರಡು ಬೆಳಗಿನ ಕೆಲಸ. ನಾವು ದಿನಕ್ಕೆ ಹತ್ತು ಅರ್ಜಿಯನ್ನು ಮೊಬೈಲಿನಲ್ಲೇ ತುಂಬುವವರು. ನಮ್ಮೂರ ಓಣಿಯಲ್ಲಿ ಇಂಥ ಒಬ್ಬ ಕಾಕೂ, ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. ನವೆಂಬರ್ ತಿಂಗಳಲ್ಲಿ ಅವರ ಬೆರಳಚ್ಚನ್ನು ಯಂತ್ರ ಹಿಡಿಯದೆ ಕಷ್ಟಪಡುತ್ತಿರುತ್ತಾರೆ. ಡಿಸೆಂಬರ್ 7ರ ಧ್ವಜ ದಿನದಂದು ಹತ್ತು ರೂಪಾಯಿ ಕೊಟ್ಟು ಎದೆಗೆ ಚೀಟಿ ಅಂಟಿಸಿಕೊಳ್ಳುವುದು ಒಳ್ಳೆಯದೇ, ಆ ಹಣ ಇಂಥವರ ಕಲ್ಯಾಣಕ್ಕೇ ಹೋಗುತ್ತದೆ. ಆದರೆ ಅದಕ್ಕೆ ಹದಿನೈದು ದಿನ ಮೊದಲು ಆ ಅಜ್ಜಿಯ ಮನೆಗೆ ಹೋಗಿ ಬರುವುದು ಇನ್ನೂ ಒಳ್ಳೆಯದು.

ಇನ್ನು ಗೆಳತಿಯ ಮಾತಿಗೆ ಬರುತ್ತೇನೆ. ಅವಳದು ಪೂರ್ತಿ ತಪ್ಪು ಎನ್ನಲಾರೆ. ಅವಳಪ್ಪನೂ ತೊಗರಿ ಬೆಳೆದು ಸೋತವರು. ಅವರ ತ್ಯಾಗಕ್ಕೆ ಯಾವ ಕೋಟಾವೂ ಇಲ್ಲ. ಎರಡೂವರೆ ಅಂಕದ ನೋವು ಎಂಥದೆಂದು ನನಗೂ ಗೊತ್ತು.

ಆದರೆ ಆ ಕಟ್ ಆಫ್ ಯಾಕೆ ಅಷ್ಟು ಕೆಳಗಿದೆ ಎಂಬುದನ್ನು ನಾನು ಮನೆಯಲ್ಲೇ ನೋಡಿದ್ದೇನೆ. ಅಪ್ಪ 2019ರಲ್ಲಿ ಹವಾಲ್ದಾರರಾಗಿ ನಿವೃತ್ತರಾದಾಗ ವಯಸ್ಸು 39. ಸಿವಿಲ್ ನೌಕರರು ಬಡ್ತಿಗೆ ಕಾಯುವ ವಯಸ್ಸಿನಲ್ಲಿ ಸಿಪಾಯಿ, ಹವಾಲ್ದಾರರು ಟ್ರಂಕು ಹೊತ್ತು ಮನೆಗೆ ಬರುತ್ತಾರೆ. ಸೇನೆ ತರುಣವಾಗಿರಬೇಕು, ಅದಕ್ಕೆ ಈ ವ್ಯವಸ್ಥೆ. ಆಗ ನಾನು ಪಿಯುಸಿ ಮುಗಿಸಿದ್ದೆ, ತಮ್ಮ ಎಂಟನೇ ತರಗತಿ. ಇಬ್ಬರ ಓದಿಗೆಂದು ಧಾರವಾಡದಲ್ಲಿ ಮನೆ ಹಿಡಿದೆವು. ಪಿಂಚಣಿಯಲ್ಲಿ ಬಾಡಿಗೆ, ಫೀಸು ಎರಡೂ ಏಳುವುದಿಲ್ಲ. ನಮ್ಮ ರಾಜ್ಯದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10 ಮೀಸಲಾತಿ ಇದೆ, ಸೇವೆ ಸಲ್ಲಿಸಿದಷ್ಟು ವರ್ಷಕ್ಕೆ ಇನ್ನೂ ಮೂರು ಸೇರಿಸಿ ವಯೋಮಿತಿಯಲ್ಲಿ ರಿಯಾಯಿತಿಯೂ ಇದೆ. ಅಪ್ಪ ಗುಮಾಸ್ತರ ಹುದ್ದೆಗೆ ಅರ್ಜಿ ಹಾಕಿದರು. ನಾವು ಓದುವ ಅದೇ ದಪ್ಪ ಗೈಡುಗಳನ್ನು ತಂದರು.

ಆ ಎಂಟು ತಿಂಗಳು ನಾನು ಮರೆಯುವುದಿಲ್ಲ. ಇಪ್ಪತ್ತು ವರ್ಷ ಹಿಂದಿಯಲ್ಲೇ ಮಾತಾಡಿ, ಹಿಂದಿಯಲ್ಲೇ ಬೈಸಿಕೊಂಡು ಬಂದವರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಹಾಸಿಗೆಯನ್ನು ಮಿಲಿಟರಿ ಮಡಿಕೆ ಮಾಡಿ, ಸವರ್ಣದೀರ್ಘ ಸಂಧಿ ಬಾಯಿಪಾಠ ಮಾಡುತ್ತಿದ್ದರು. ‘ಗುಣಸಂಧಿಗೂ ಯಣ್ ಸಂಧಿಗೂ ಏನ್ ಫರಕ್ ಐತವ್ವಾ?’ ಎಂದು ನನ್ನನ್ನು ಕೇಳುತ್ತಿದ್ದರು. ‘ಎಷ್ಟ ಸಲ ಹೇಳ್ಲಿ ಅಪ್ಪಾ’ ಎಂದು ರೇಗಿದ್ದೂ ಇದೆ. ಕಂಪ್ಯೂಟರ್ ಪತ್ರಿಕೆಯಂತೂ ಅವರಿಗೆ ಜೋಜಿಲಾಕ್ಕಿಂತ ಕಡಿದಾಗಿತ್ತು. ಕಡ್ಡಾಯ ಕನ್ನಡ ಪಾಸಾದರು. ಮಿಕ್ಕದ್ದರಲ್ಲಿ ಆಗಲಿಲ್ಲ. ಎರಡನೇ ಸಲ ಬರೆಯಲಿಲ್ಲ. ‘ನೀ ಬರಿ. ನಾ ದುಡೀತೀನಿ’ ಎಂದು ಗೈಡುಗಳನ್ನು ನನ್ನ ಕಪಾಟಿನಲ್ಲಿ ಇಟ್ಟು, ಏಜೆನ್ಸಿ ಮೂಲಕ ಬ್ಯಾಂಕಿನ ಬಾಗಿಲಿಗೆ ಹೋದರು. ಈಗ ನಾನು ಗೀಟು ಎಳೆದು ಓದುತ್ತಿರುವ ವ್ಯಾಕರಣದ ಪುಸ್ತಕದಲ್ಲಿ ಅವರ ಗೀಟುಗಳೂ ಇವೆ.

ಅರ್ಹ ಮಾಜಿ ಸೈನಿಕರು ಸಿಗದೆ ಉಳಿದ ಹುದ್ದೆ ಅದೇ ಪ್ರವರ್ಗದ ಬೇರೆಯವರಿಗೆ ಹೋಗುತ್ತದೆ. ಅಪ್ಪನಂಥವರು ಫೇಲಾದದ್ದರಿಂದ ನಮ್ಮಂಥವರು ಯಾರಾದರೂ ಪಾಸಾಗಿರಲೂಬಹುದು.

ಈ ಪ್ರಶ್ನೆ ಅಪ್ಪನ ಪೀಳಿಗೆಗೇ ಮುಗಿಯುವುದೂ ಇಲ್ಲ. ಬೆಳಿಗ್ಗೆ ಐದಕ್ಕೆ ಧಾರವಾಡದ ಮೈದಾನಗಳಿಗೆ ಹೋದರೆ ನೋಡಬಹುದು. 1.6 ಕಿ.ಮೀ. ಓಟಕ್ಕೆ ಬರಿಗಾಲಲ್ಲೂ ಓಡುವ ಹುಡುಗರಿದ್ದಾರೆ. ಗದಗ, ಬಾಗಲಕೋಟೆ, ಬೆಳಗಾವಿ ಕಡೆಯವರು. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥದಡಿ ಅವರಿಗೆ ನಾಲ್ಕು ವರ್ಷದ ಸೇವೆ. ಆಮೇಲೆ ಶೇ 25ರವರೆಗೆ ಜನರನ್ನು ಉಳಿಸಿಕೊಳ್ಳುತ್ತಾರೆ. ಮಿಕ್ಕವರಿಗೆ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ, ಪಿಂಚಣಿ ಇಲ್ಲ. ಯೋಜನೆ ಸರಿಯೋ ತಪ್ಪೋ ಎಂದು ಟಿವಿಯಲ್ಲಿ ಬೇಕಾದಷ್ಟು ಜಗಳವಾಗಿದೆ, ಅದನ್ನು ನಾನು ಮುಂದುವರಿಸುವುದಿಲ್ಲ. ನನ್ನ ಆತಂಕ ಬೇರೆ. ಮೊದಲ ತಂಡ ತರಬೇತಿಗೆ ಸೇರಿದ್ದು 2023ರ ಆರಂಭದಲ್ಲಿ, ಅವರು ಹೊರಬರುವುದು 2027ರ ಹೊತ್ತಿಗೆ. ನಮ್ಮ ವಯಸ್ಸಿನವರು, ನಮ್ಮದೇ ಊರಿನವರು, ನಮ್ಮದೇ ರೀಡಿಂಗ್ ರೂಮಿಗೆ ಬರುತ್ತಾರೆ. ನಾವು ನಾಲ್ಕು ವರ್ಷ ಪ್ರಚಲಿತ ವಿದ್ಯಮಾನ ಓದಿದ ಹೊತ್ತಿನಲ್ಲಿ ಅವರು ಅದರ ನಡುವೆ ನಿಂತು ಬಂದಿರುತ್ತಾರೆ. ಅವರಿಗೆ ನೋಟ್ಸ್ ಕೊಡುತ್ತೇವೋ, ‘ನಮ್ಮ ಪೋಸ್ಟು ತಿನ್ನಾಕ ಬಂದರು’ ಎನ್ನುತ್ತೇವೋ?

ಪಟ್ಟಿ ಬಂದ ಮರುದಿನ ಗೆಳತಿಗೆ ಎಲ್ಲ ಹೇಳಿದೆ. ಚಹಾದಂಗಡಿಯಲ್ಲಿ, ಒಂದೇ ಉಸಿರಿಗೆ, ಸ್ವಲ್ಪ ಜಗಳದ ದನಿಯಲ್ಲೇ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಆ ಮೀಸಿ ಅಂಕಲ್ ನಿಮ್ಮಪ್ಪರೇನ?’ ಎಂದಳು. ಅವಳ ಪಾಸ್‌ಬುಕ್ಕನ್ನೂ ಅಪ್ಪ ತಿರುವಿ ಇಟ್ಟುಕೊಟ್ಟಿದ್ದರಂತೆ.

ಹೋದ ಸೋಮವಾರ ಇಬ್ಬರೂ ಮುಂದಿನ ಪರೀಕ್ಷೆಯ ಶುಲ್ಕ ಕಟ್ಟಲು ಬ್ಯಾಂಕಿಗೆ ಹೋದೆವು. ಗದ್ದಲವಿತ್ತು. ಬಾಗಿಲಲ್ಲೇ ನಿಂತು, ಸುತ್ತ ಹತ್ತಾರು ಜನರಿರುವಾಗ, ‘ಅಪ್ಪಾ’ ಎಂದು ಕೂಗಿದೆ. ಅವರು ಮೊದಲು ಬೆಚ್ಚಿದರು, ಏನೋ ಅವಘಡವಾಗಿದೆ ಎಂದುಕೊಂಡರು. ‘ಇಕಿ ನನ್ನ ಗೆಳತಿ, ಯಾದಗಿರಿಯಾಕಿ’ ಎಂದೆ. ಗೆಳತಿ ‘ನಮಸ್ಕಾರ್ರೀ ಕಾಕಾ’ ಎಂದಳು. ಅಪ್ಪ ಬೆನ್ನು ನೆಟ್ಟಗೆ ಮಾಡಿ, ಟೋಪಿ ಸರಿಪಡಿಸಿಕೊಂಡು ಅವಳಿಗೆ ನಮಸ್ಕಾರ ಮಾಡಿದರು. ಗುರುತಿನವರಿದ್ದಾರಲ್ಲ ಎಂದು ನಾನು ಸೀದಾ ಕೌಂಟರ್ ಕಡೆ ಹೆಜ್ಜೆ ಹಾಕಿದೆ.

‘ಪಾಳಿ ಅಲ್ಲಿಂದ ಐತಿ’ ಎಂದು ಅವರು ಕೈ ತೋರಿಸಿದರು. ಕೊನೆಗೆ ಹೋಗಿ ನಿಂತೆವು. ನಮ್ಮ ಮುಂದೆ ಹದಿನಾಲ್ಕು ಜನರಿದ್ದರು.